ಹಳೆ ಫೈಬರ್ ದೋಣಿಯ ಒಳಗೋಡೆ ಹೊಸದು ಮಾಡುವುದು: ಬಣ್ಣ ಸುಲಿಯದಂತೆ ಪೂರ್ತಿ ಕ್ರಮ

ದೋಣಿ ದಂಡೆಗೆ ಎಳೆದು, ಒಳಗೆಲ್ಲ ಬಣ್ಣ ಬಳಿದು, ನೀರಿಗೆ ಬಿಟ್ಟಾಗ ಎಲ್ಲ ಚೆನ್ನಾಗಿರುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಆ ಬಣ್ಣ ಹಂಚಿನ ಮೇಲಿನ ರೊಟ್ಟಿ ಹಾಗೆ ಉಬ್ಬಿ, ಪದರ ಕಿತ್ತು ಬರುತ್ತದೆ. ಭೀಮಾ ದಂಡೆಯಿಂದ ಬೀದರಿನ ಕಾರಂಜಾ ಹಿನ್ನೀರಿನವರೆಗೆ ಇದೇ ದೂರು. ಮುಂದಿನ ವರ್ಷ ಇನ್ನೂ ಜಾಸ್ತಿ ಬೆಲೆಯ ಡಬ್ಬಿ ತಂದು ಬಳಿಯುತ್ತಾರೆ, ಅದೂ ಕಿತ್ತು ಬರುತ್ತದೆ. ಬಹಳ ಸಲ ಡಬ್ಬಿಯ ತಪ್ಪೇನೂ ಇರುವುದಿಲ್ಲ. ತೊಳೆಯುವ ಮೊದಲೇ ಉಜ್ಜಿರುತ್ತಾರೆ, ಒಣಗುವ ಮೊದಲೇ ಬಳಿದಿರುತ್ತಾರೆ.

ಇಲ್ಲಿ ಹೇಳುವುದು 14ರಿಂದ 20 ಅಡಿಯ ತೆರೆದ ಫೈಬರ್ ದೋಣಿಗಳಿಗೆ: ಮೀನು ಹಿಡಿಯುವವು, ಜನರನ್ನು ದಾಟಿಸುವವು, ಹಿನ್ನೀರಿನಲ್ಲಿ ಸುತ್ತಾಡಿಸುವವು. ಇವುಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್ ರೆಸಿನ್ (ಹಾರ್ಡನರ್ ಅನ್ನುವ ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ಮತ್ತು ಗಾಜಿನ ನಾರಿನ ಮ್ಯಾಟ್‌ನಿಂದ ಮಾಡಿದವು. ಹೊರಮೈ ಅಚ್ಚಿಗೆ ತಾಗಿ ತಯಾರಾಗಿರುತ್ತದೆ, ಅದಕ್ಕೆ ಜೆಲ್‌ಕೋಟಿನ, ಅಂದರೆ ಹೊರಗಿನ ಬಣ್ಣದ ರೆಸಿನ್ ಪದರದ, ನುಣುಪು ಇರುತ್ತದೆ. ಒಳಮೈಗೆ ಆ ಭಾಗ್ಯ ಇಲ್ಲ. ಅಲ್ಲಿ ನಾರು ಎದ್ದು ಕಾಣುತ್ತದೆ, ಸಣ್ಣ ತೂತುಗಳಿರುತ್ತವೆ, ನೀರು ನಿಲ್ಲುವುದೂ ಅಲ್ಲೇ. ಹಾಗಾಗಿ ಹೊರಗಿನ ಕೆಲಸಕ್ಕಿಂತ ಒಳಗಿನದ್ದೇ ಕಷ್ಟ.

## ಸುಲಿದ ಚೂರಿನ ಹಿಂಬದಿ ನೋಡಿ

ಏನನ್ನೂ ಕೊಳ್ಳುವ ಮೊದಲು, ಕಿತ್ತು ಬಂದ ಬಣ್ಣದ ಒಂದು ಚೂರು ಕೈಗೆ ತೆಗೆದುಕೊಳ್ಳಿ. ಬಿಸಿಲಿಗೆ ಹಿಡಿದು ಅದರ ಹಿಂಬದಿ ನೋಡಿ. ಹೋದ ಸಲ ಎಲ್ಲಿ ಎಡವಟ್ಟಾಯಿತು ಅಂತ ಬಹಳ ಸಲ ಅಲ್ಲೇ ಗೊತ್ತಾಗುತ್ತದೆ.

ಹಿಂಬದಿ ಗಾಜಿನಂತೆ ನುಣ್ಣಗಿದ್ದರೆ, ಹಳೆ ಬಣ್ಣವನ್ನು ಉಜ್ಜದೆ ಅದರ ಮೇಲೇ ಬಳಿದಿದ್ದಾರೆ. ಬೆರಳಿಗೆ ಬಿಳಿ ಪುಡಿ ಹತ್ತಿದರೆ, ಉಜ್ಜಿದ್ದಾರೆ, ಧೂಳು ತೆಗೆದಿಲ್ಲ. ಚೂರನ್ನು ನೀರಿಗೆ ಹಾಕಿದಾಗ ಸುತ್ತಲೂ ಬಣ್ಣಬಣ್ಣದ ಪೊರೆ ಹರಡಿದರೆ ಡೀಸೆಲ್ಲೋ ಎಂಜಿನ್ ಆಯಿಲೋ ಕೆಳಗೆ ಉಳಿದಿತ್ತು. ಹಿಂಬದಿಗೆ ಗಾಜಿನ ನಾರೇ ಅಂಟಿಕೊಂಡು ಬಂದಿದ್ದರೆ ಬಣ್ಣ ಸರಿಯಾಗೇ ಹಿಡಿದಿತ್ತು, ಕೆಳಗಿನ ಫೈಬರ್ ಸತ್ತುಹೋಗಿದೆ. ಅಂಥ ದೋಣಿಗೆ ಮೊದಲು ರಿಪೇರಿ, ಆಮೇಲೆ ಬಣ್ಣ.

## ಯಾವ ತಿಂಗಳಲ್ಲಿ ಹಿಡಿಯಬೇಕು

ನಮ್ಮ ಕಡೆ ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ನೆರೆ ಇಳಿದ ಮೇಲೆ ದೋಣಿ ಮೇಲಕ್ಕೆ ಎಳೆದು, ಡಿಸೆಂಬರ್ ಪೂರ್ತಿ ಒಣಗಲು ಬಿಟ್ಟು, ಜನವರಿಯಲ್ಲಿ ರೆಸಿನ್ ಕೆಲಸ ಹಿಡಿದರೆ ಅವಸರ ಇರುವುದಿಲ್ಲ. ಏಪ್ರಿಲ್, ಮೇನಲ್ಲಿ ಕಲಬುರಗಿ, ಯಾದಗಿರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಶಾಖದಲ್ಲಿ ರೆಸಿನ್ ಬ್ರಷ್‌ನಲ್ಲೇ ಗಟ್ಟಿಯಾಗುತ್ತದೆ. ಬೀದರ್ ಎತ್ತರದಲ್ಲಿರುವುದರಿಂದ ಸ್ವಲ್ಪ ತಂಪು, ಆದರೂ ಮಧ್ಯಾಹ್ನದ ಕೆಲಸ ಅಲ್ಲೂ ಬೇಡ. ಜೂನ್ ನಂತರವಂತೂ ಗಾಳಿಯಲ್ಲೇ ತೇವ.

ಒಂದು ಮಾತು: ಹತ್ತಿರದ ಹೊಲದಲ್ಲಿ ತೊಗರಿ ರಾಶಿ ನಡೀತಿದ್ದರೆ ಆ ದಿನ ಬ್ರಷ್ ಮುಟ್ಟಬೇಡಿ. ಮಷೀನಿನಿಂದ ಹಾರುವ ಹೊಟ್ಟು ಹಸಿ ಬಣ್ಣದ ಮೇಲೆ ಕೂತರೆ ಮತ್ತೆ ಉಜ್ಜುವುದೊಂದೇ ದಾರಿ.

## ಏನೇನು ಬೇಕು

ಮೊದಲು ಮಾಸ್ಕ್. ಬಟ್ಟೆ ಮಾಸ್ಕ್ ಯಾತಕ್ಕೂ ಬರುವುದಿಲ್ಲ. ಎನ್-95 ಧೂಳನ್ನು ಮಾತ್ರ ತಡೆಯುತ್ತದೆ, ರೆಸಿನ್ ಮತ್ತು ಥಿನ್ನರಿನ ಆವಿಯನ್ನು ತಡೆಯುವುದಿಲ್ಲ. ಸಾವಯವ ಆವಿ ತಡೆಯುವ ಕಾರ್ಟ್ರಿಡ್ಜ್ ಮತ್ತು ಧೂಳಿನ ಫಿಲ್ಟರ್ ಎರಡೂ ಕೂರುವ ಅರ್ಧಮುಖದ ರೆಸ್ಪಿರೇಟರ್ ತನ್ನಿ. ಜೊತೆಗೆ ಬದಿ ಮುಚ್ಚುವ ಕನ್ನಡಕ, ನೈಟ್ರೈಲ್ ಗ್ಲೌಸ್, ತುಂಬು ತೋಳಿನ ಹಳೆ ಅಂಗಿ.

ಸಾಮಾನಿನಲ್ಲಿ ಸ್ಯಾಂಡರ್, 60, 80, 120, 220 ನಂಬರಿನ ಪಾಲಿಶ್ ಪೇಪರ್, ಚೂಪಾದ ಸ್ಕ್ರೇಪರ್, ಪುಟ್ಟಿ ಬ್ಲೇಡು, ಗೀರುಗಳಿರುವ ಲೋಹದ ರೋಲರ್, ಸಣ್ಣ ತೂಕದ ಯಂತ್ರ, ಸೂಜಿ ಇಲ್ಲದ ಸಿರಿಂಜ್, ಸಾಕಷ್ಟು ಹತ್ತಿ ಬಟ್ಟೆ. ರೆಸಿನ್ ಮತ್ತು ಮ್ಯಾಟ್ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗದಿದ್ದರೆ ಫೈಬರ್ ಬಾಗಿಲು, ಟ್ಯಾಂಕ್ ಮಾಡುವವರನ್ನು ಕೇಳಿ. ಇಲ್ಲದಿದ್ದರೆ ಹೈದರಾಬಾದ್ ಅಥವಾ ಸೋಲಾಪುರ ಇದ್ದೇ ಇದೆ. ಡಬ್ಬಿಯ ಮೇಲೆ ತಯಾರಾದ ತಿಂಗಳು ನೋಡಿಯೇ ತನ್ನಿ. ಬಿಸಿಲಲ್ಲಿಟ್ಟ ರೆಸಿನ್ ಅವಧಿಗೆ ಮೊದಲೇ ಕೆಡುತ್ತದೆ. ಮುಚ್ಚಳ ತೆಗೆದಾಗ ಅಂಟಂಟಾಗಿ, ಗಡ್ಡೆ ಕಟ್ಟಿದ್ದರೆ ವಾಪಸ್ ಕೊಡಿ.

ಬಣ್ಣದ ಲೆಕ್ಕ ಹೀಗೆ: 16 ಅಡಿ ದೋಣಿ ಸುಮಾರು 5 ಮೀಟರ್ ಉದ್ದ. ಒಂದು ಅಂಚಿನಿಂದ ತಳಕ್ಕಿಳಿದು ಇನ್ನೊಂದು ಅಂಚಿಗೆ ಟೇಪ್ ಹಿಡಿದು ಅಳೆಯಿರಿ. ಅದು 2.2 ಮೀಟರ್ ಬಂತು ಅಂದುಕೊಳ್ಳಿ, ಒಟ್ಟು 11 ಚದರ ಮೀಟರ್. ಲೀಟರಿಗೆ 8 ಚದರ ಮೀಟರ್ ಅಂತ ಹಿಡಿದರೆ ಎರಡು ಸಲ ಬಳಿಯಲು ಹತ್ತಿರ ಹತ್ತಿರ 3 ಲೀಟರ್. ಒರಟು ಮೈ ಇನ್ನೂ ಕುಡಿಯುತ್ತದೆ.

## 1. ಖಾಲಿ ಮಾಡಿ, ವಾರೆಯಾಗಿ ನಿಲ್ಲಿಸಿ

ಹಳೆ ಟೈರುಗಳ ಮೇಲೆ ದೋಣಿ ಇಟ್ಟು, ಹಿಂಭಾಗ ತಗ್ಗಿರುವಂತೆ ವಾರೆ ಮಾಡಿ. ಡ್ರೈನ್ ಪ್ಲಗ್ ತೆಗೆಯಿರಿ. ಕೂರುವ ಹಲಗೆ, ಹಿಡಿಕೆ, ಕೊಂಡಿ ಎಲ್ಲ ಬಿಚ್ಚಿ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಮತ್ತೆ ಜೋಡಿಸುವಾಗ ತಲೆನೋವಿಲ್ಲ.

ಸೀಟಿನ ಕೆಳಗೆ ಮುಚ್ಚಿದ ಪೆಟ್ಟಿಗೆ ಇದ್ದರೆ, ಒಳಗೆ ತೇಲುವ ಫೋಮ್ ಇರುತ್ತದೆ. ಪೆಟ್ಟಿಗೆಯ ಎಲ್ಲಕ್ಕಿಂತ ತಗ್ಗಿನ ಮೂಲೆಯಲ್ಲಿ ಒಂದು ಸಣ್ಣ ತೂತು ಕೊರೆಯಿರಿ. ಡ್ರಿಲ್ಲಿನ ತುದಿ ತಳದ ಫೈಬರಿಗೆ ತಾಗದಂತೆ ಬದಿಯಿಂದ ಕೊರೆಯಬೇಕು. ನೀರು ತೊಟ್ಟಿಕ್ಕಿದರೆ ಫೋಮ್ ನೀರು ಕುಡಿದಿದೆ ಅಂತ ಅರ್ಥ. ಕುಡಿದ ಫೋಮ್ ತಾನಾಗಿ ಒಣಗುವುದಿಲ್ಲ, ಕಿತ್ತು ತೆಗೆಯಲೇಬೇಕು. ಕೆಲಸ ಮುಗಿದ ಮೇಲೆ ಅದರ ಜಾಗಕ್ಕೆ ಹೊಸ ಫೋಮ್ ತುಂಬಿಯೇ ದೋಣಿ ನೀರಿಗೆ ಬಿಡಿ. ಮಗುಚಿದಾಗ ದೋಣಿಯನ್ನು ತೇಲಿಸುವುದು ಅದೇ.

## 2. ಉಜ್ಜುವ ಮೊದಲು ತೊಳೆಯಿರಿ

ಬಹಳಷ್ಟು ಜನ ಎಡವುವುದು ಇಲ್ಲೇ. ಎಣ್ಣೆ, ಮೀನಿನ ಜಿಡ್ಡು, ಮೇಣ ಇರುವ ಮೈಯನ್ನು ನೇರವಾಗಿ ಉಜ್ಜಿದರೆ ಪೇಪರ್ ಆ ಜಿಡ್ಡನ್ನೇ ಗೀರುಗಳ ಒಳಗೆ ತುಂಬುತ್ತದೆ. ಆಮೇಲೆ ಎಷ್ಟು ಒರೆಸಿದರೂ ಬರುವುದಿಲ್ಲ.

ಮೊದಲು ಎರೆಮಣ್ಣಿನ ಕೆಸರನ್ನು ನೆನೆಸಿ ತೆಗೆಯಿರಿ. ಒಣಗಿದ ಕೆಸರನ್ನು ಕೆರೆಯಬೇಡಿ. ನಂತರ ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಗಟ್ಟಿ ಬ್ರಷ್. ಎರಡು ಸಲ ಸೋಪು, ಎರಡು ಸಲ ಬರೀ ನೀರು. ಎಂಜಿನ್ ಇರುವ ಕಡೆ ಡಿಗ್ರೀಸರ್ ಹಾಕಿ. ಒಣಗಿದ ಮೇಲೆ ಎರಡು ಬಟ್ಟೆಯಿಂದ ಒರೆಸಿ: ಒಂದರಲ್ಲಿ ಥಿನ್ನರ್, ಇನ್ನೊಂದು ಒಣದು. ಒದ್ದೆ ಬಟ್ಟೆ ಮುಂದೆ ಹೋದ ಹಾಗೆ ಒಣ ಬಟ್ಟೆ ಹಿಂದಿನಿಂದಲೇ ಎತ್ತಿಕೊಳ್ಳಬೇಕು. ಒಂದೇ ಬಟ್ಟೆಯಿಂದ ಇಡೀ ದೋಣಿ ಒರೆಸಿದರೆ ಜಿಡ್ಡನ್ನು ಎಲ್ಲ ಕಡೆ ಹಂಚಿದ ಹಾಗಾಯಿತು, ಅಷ್ಟೇ.

ಸ್ವಚ್ಛ ಆಗಿದೆಯಾ ಅಂತ ನೋಡಲು ಒಂದು ಲೋಟ ನೀರು ಚಿಮುಕಿಸಿ. ನೀರು ಹಾಳೆಯಾಗಿ ಹರಡಿದರೆ ಸರಿ. ಹನಿಹನಿಯಾಗಿ ಕೂತರೆ ಮತ್ತೆ ತೊಳೆಯಿರಿ.

## 3. ತಟ್ಟಿ ನೋಡಿ

ಐದು ರೂಪಾಯಿ ನಾಣ್ಯದಿಂದ ಅಂಗೈ ಅಗಲಕ್ಕೊಂದು ಸಲ ತಟ್ಟುತ್ತಾ ಇಡೀ ಒಳಗೋಡೆ ಸುತ್ತಿ. ಗಟ್ಟಿ ಫೈಬರ್ "ಟಣ್" ಅನ್ನುತ್ತದೆ. ಪದರ ಬಿಟ್ಟಿದ್ದರೆ, ಒಳಗೆ ನೀರಿದ್ದರೆ "ಡಬ್" ಅಂತ ಸತ್ತ ಸದ್ದು. ಆ ಜಾಗಕ್ಕೆ ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ. ಮಾರ್ಕರ್ ಬೇಡ, ಅದರ ಶಾಯಿ ಹೊಸ ಬಣ್ಣದಲ್ಲೂ ಮೇಲೆ ಬರಬಹುದು.

ಕಣ್ಣಿಗೆ ಕಾಣುವ ಬೇರೆ ಸೂಚನೆಗಳೂ ಇವೆ. ಸ್ಕ್ರೂ ಸುತ್ತ ಕಂದು ಕಲೆ ಇದ್ದರೆ ನೀರು ಅಲ್ಲಿಂದ ಒಳಗೆ ಇಳಿದಿದೆ. ಫೈಬರಿನಲ್ಲಿ ಬೆಳ್ಳಗಿನ ಮಚ್ಚೆ ಕಂಡರೆ ನಾರಿನಿಂದ ರೆಸಿನ್ ಬಿಟ್ಟಿದೆ, ಪೆಟ್ಟು ಬಿದ್ದ ಕಡೆ ಇದು ಜಾಸ್ತಿ. ಗುಳ್ಳೆ ಚುಚ್ಚಿದಾಗ ಹುಳಿ ವಾಸನೆಯ ಅಂಟು ನೀರು ಬಂದರೆ ರೆಸಿನ್ನೇ ನೀರಿನಲ್ಲಿ ಒಡೆಯುತ್ತಿದೆ; ಚುಚ್ಚುವಾಗ ಕನ್ನಡಕ ಇರಲಿ, ಅದು ಚಿಮ್ಮುತ್ತದೆ. ತಳದ ಉದ್ದ ಪಟ್ಟಿಗಳ ಒಳಗೆ, ಎಂಜಿನ್ ಕೂರುವ ಹಿಂಗೋಡೆಯ ಒಳಗೆ ಮರ ಇರುತ್ತದೆ. ಸ್ಕ್ರೂಡ್ರೈವರಿನ ತುದಿ ಸಲೀಸಾಗಿ ಇಳಿದರೆ ಮರ ಕೊಳೆತಿದೆ. ಹಿಂಗೋಡೆ ಕೊಳೆತ ದೋಣಿಗೆ ಬಣ್ಣದ ಖರ್ಚು ಮಾಡಬೇಡಿ, ಮೊದಲು ದೋಣಿ ಕಟ್ಟುವವರಿಗೆ ತೋರಿಸಿ. ಎಂಜಿನ್ ಸಮೇತ ಕಿತ್ತು ಹೋಗುವ ಜಾಗ ಅದು.

## 4. ಒಣಗಲು ಬಿಡಿ

ಮೇಲೆ ಶೀಟ್ ಹಾಕಿ, ನಾಲ್ಕೂ ಕಡೆ ಗಾಳಿ ಆಡಲಿ. ತಾಡಪತ್ರಿ ಬಿಗಿದು ಮುಚ್ಚಿದರೆ ಒಳಗೇ ಬೆವರುತ್ತದೆ. ಎಷ್ಟು ದಿನ ಅಂತ ಬಾಯಿಂದ ಹೇಳುವುದಕ್ಕಿಂತ ಪರೀಕ್ಷೆ ಮಾಡುವುದೇ ವಾಸಿ: ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಒಳಬದಿಗೆ ಹನಿ ಕಂಡರೆ ಇನ್ನೂ ಕಾಯಿರಿ. ತಳಕ್ಕೆ ಎರಡು ಕಡೆ, ಪಕ್ಕದ ಗೋಡೆಗೆ ಎರಡು ಕಡೆ, ಡಬ್ ಅಂದ ಜಾಗಕ್ಕೂ ಒಂದು ಹಚ್ಚಿ. ಮೇಲ್ಭಾಗ ಒಣಗಿದ ಮೇಲೂ ತಳ ವಾರಗಟ್ಟಲೆ ಹಸಿ ಇರುವುದುಂಟು.

## 5. ಹಳೆ ಬಣ್ಣ, ಹಳೆ ಅಂಟು ತೆಗೆಯಿರಿ

ಮನೆ ಬಾಗಿಲಿಗೆ ಹಾಕುವ ಪೇಂಟ್ ರಿಮೂವರ್ ಇಲ್ಲಿ ಬೇಡ. ಬಣ್ಣದ ಜೊತೆ ಕೆಳಗಿನ ರೆಸಿನ್ನನ್ನೂ ಮೆತ್ತಗೆ ಮಾಡುತ್ತದೆ. ಬ್ಲೋ ಲ್ಯಾಂಪ್ ಅಂತೂ ಹತ್ತಿರ ತರಬೇಡಿ.

ಸಡಿಲ ಇರುವುದನ್ನು ಸ್ಕ್ರೇಪರಿನಿಂದ ಎಬ್ಬಿಸಿ, ಉಳಿದದ್ದನ್ನು 60ರಲ್ಲಿ ಉಜ್ಜಿ, 80ರಲ್ಲಿ ಮುಗಿಸಿ. ಆ್ಯಂಗಲ್ ಗ್ರೈಂಡರ್ ಬೇಗ ಕೆಲಸ ಮಾಡುತ್ತದೆ, ಆದರೆ ಒಂದು ಕ್ಷಣ ನಿಂತರೂ ಗುಂಡಿ ತೋಡುತ್ತದೆ. ಅದನ್ನು ರಿಪೇರಿ ಜಾಗಕ್ಕೆ ಮಾತ್ರ ಇಟ್ಟುಕೊಳ್ಳಿ. ಹೊಳಪು ಎಲ್ಲೂ ಉಳಿಯಬಾರದು. ಹೊಳಪು ಹೋದ ಕೂಡಲೇ ಕೈ ನಿಲ್ಲಿಸಿ. ನಾರಿನ ಎಳೆ ಕಾಣತೊಡಗಿದರೆ ಆಗಲೇ ಜಾಸ್ತಿ ಆಯಿತು ಅಂತ ತಿಳಿಯಿರಿ.

ಒಳಗೆ ರೆಕ್ಸಿನ್ ಅಥವಾ ಕಾರ್ಪೆಟ್ ಅಂಟಿಸಿದ್ದ ದೋಣಿಯಾದರೆ, ಅದರ ಫೋಮ್ ಮತ್ತು ರಬ್ಬರ್ ಅಂಟು ನಮ್ಮ ಬಿಸಿಲಿಗೆ ಕರಗಿ ಮೇಣವಾಗಿರುತ್ತದೆ. ಸ್ಯಾಂಡರ್ ಹಚ್ಚಿದರೆ ಪೇಪರ್ ನಿಮಿಷದಲ್ಲಿ ತುಂಬಿಹೋಗುತ್ತದೆ. ಬೆಳಗಿನ ಚಳಿಯಲ್ಲಿ ಅಂಟು ಬಿರುಸಾಗಿದ್ದಾಗ ಸ್ಕ್ರೇಪ್ ಮಾಡಿ, ಉಳಿದದ್ದಕ್ಕೆ ಅಸಿಟೋನ್ ಬಟ್ಟೆ. ನನ್ನನ್ನು ಕೇಳಿದರೆ ನೆರೆ ನೀರಿನಲ್ಲಿ ಓಡುವ ದೋಣಿಗೆ ಮತ್ತೆ ಕಾರ್ಪೆಟ್ ಹಾಕಲೇಬಾರದು. ಕೆಸರು ಕುಡಿದು ಕೂರುತ್ತದೆ, ಕೆಳಗೆ ಏನಾಗುತ್ತಿದೆ ಅಂತಾನೂ ಕಾಣುವುದಿಲ್ಲ.

ಹಳೆ ಬಣ್ಣದಲ್ಲಿ ಸೀಸ ಇರಬಹುದು. ಮನೆ ಬಣ್ಣಗಳಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಬಣ್ಣ ಹಳೆಯದು ಅನ್ನಿಸಿದರೆ ನೀರು ಹಾಕಿ ಕೈಯಿಂದ ಉಜ್ಜಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಪುಡಿಯನ್ನು ಚೀಲಕ್ಕೆ ತುಂಬಿ. ದನ ನೀರು ಕುಡಿಯುವ ದಂಡೆಯಲ್ಲಿ ತೊಳೆದು ಬಿಡುವ ಕೆಲಸ ಬೇಡ. ಮೈಗೆ ನಾರು ಚುಚ್ಚಿ ತುರಿಸಿದರೆ ಮೊದಲು ತಣ್ಣೀರು, ಆಮೇಲೆ ಸೋಪು. ಬಿಸಿನೀರು ಹಾಕಿದರೆ ತುರಿಕೆ ಹೆಚ್ಚುತ್ತದೆ.

## 6. ಸತ್ತ ಜಾಗದ ರಿಪೇರಿ

ಡಬ್ ಅಂದ ಜಾಗವನ್ನು ಗಟ್ಟಿ ಫೈಬರ್ ಸಿಗುವವರೆಗೆ ತೆಗೆದು, ಅಂಚನ್ನು ಇಳಿಜಾರು ಮಾಡಿ. ದಪ್ಪದ 12 ಪಟ್ಟು ಅಗಲದ ಇಳಿಜಾರು ಬೇಕು. 4 ಮಿ.ಮೀ. ಆಳ ತೆಗೆದರೆ ಸುತ್ತಲೂ ಸುಮಾರು 5 ಸೆಂ.ಮೀ. ಗುಂಡಿಗೆ ನೇರ ಅಂಚು ಬಿಟ್ಟು ತುಂಬಿದರೆ ಆ ತೇಪೆ ದೋಣಿ ಅಲುಗಿದಾಗ ಸುತ್ತಲೂ ಬಿರುಕು ಬಿಡುತ್ತದೆ.

ಪಾಲಿಯೆಸ್ಟರ್ ರೆಸಿನ್ನೋ ಎಪಾಕ್ಸಿಯೋ (ಇನ್ನೊಂದು ಜಾತಿಯ ರೆಸಿನ್) ಅಂತ ಮೊದಲೇ ತೀರ್ಮಾನಿಸಿ. ಹಳೆ ಫೈಬರಿಗೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ, ಬೆಲೆ ಜಾಸ್ತಿ. ಎಪಾಕ್ಸಿ ಆದರೆ ಗಾಜಿನ ನಾರಿನ ನೇಯ್ದ ಬಟ್ಟೆ ಬಳಸಿ. ಸಾದಾ ಮ್ಯಾಟ್‌ನ ನಾರುಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರ್ ರೆಸಿನ್ನಿನಲ್ಲಿರುವ ಸ್ಟೈರೀನ್ ಅನ್ನುವ ದ್ರವದಲ್ಲಿ ಕರಗುತ್ತದೆ, ಎಪಾಕ್ಸಿಯಲ್ಲಿ ಕರಗುವುದಿಲ್ಲ. ಮತ್ತೆ, ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ರೆಸಿನ್ ಹಾಕಬೇಡಿ, ಸರಿಯಾಗಿ ಹಿಡಿಯುವುದಿಲ್ಲ.

ಪಾಲಿಯೆಸ್ಟರಿಗೆ ಹಾರ್ಡನರ್ ಕಿಲೋ ರೆಸಿನ್ನಿಗೆ 10ರಿಂದ 20 ಮಿ.ಲೀ. ಬಿಸಿಲು ಜಾಸ್ತಿ ಇದ್ದರೆ 10ರ ಹತ್ತಿರ, ಚಳಿ ಇದ್ದರೆ ಮೇಲಕ್ಕೆ. 10ಕ್ಕಿಂತ ಕಡಿಮೆ ಹಾಕಿದರೆ ಗಟ್ಟಿಯಾದಂತೆ ಕಂಡರೂ ಒಳಗೆ ಪೂರ್ತಿ ಮಾಗುವುದಿಲ್ಲ. "ಇನ್ನೊಂಚೂರು ಹಾಕ್ರಿ ಅಣ್ಣಾ, ಜಲ್ದಿ ಹಿಡೀತದ" ಅನ್ನುವವರು ಪಕ್ಕದಲ್ಲಿ ಯಾವಾಗಲೂ ಇರುತ್ತಾರೆ. ಅವರ ಮಾತು ಕೇಳಬೇಡಿ. ಜಾಸ್ತಿ ಹಾಕಿದರೆ ಕಾವು ಏರಿ ಬಿರುಕು ಬಿಡುತ್ತದೆ.

ಈಗ ಬಹಳ ಮುಖ್ಯದ ಎಚ್ಚರಿಕೆ. ಕೆಲವು ರೆಸಿನ್ನಿಗೆ ಕೋಬಾಲ್ಟ್ ಅನ್ನುವ ನೇರಳೆ ದ್ರವ ಬೇರೆಯಾಗಿ ಕೊಡುತ್ತಾರೆ. ಅದನ್ನು ಮೊದಲು ರೆಸಿನ್ನಿನಲ್ಲಿ ಪೂರ್ತಿ ಕಲಸಿ, ಆಮೇಲೆ ಮಾತ್ರ ಹಾರ್ಡನರ್ ಹಾಕಬೇಕು. ಕೋಬಾಲ್ಟ್ ಮತ್ತು ಹಾರ್ಡನರ್ ನೇರವಾಗಿ ಕೂಡಿದರೆ ಸಿಡಿದು ಬೆಂಕಿ ಹೊತ್ತುತ್ತದೆ. ಒಂದೇ ಸಿರಿಂಜ್ ಎರಡಕ್ಕೂ ಬಳಸಬೇಡಿ. ಹಾರ್ಡನರ್ ಕಣ್ಣಿಗೆ ಹಾರಿದರೆ ಆ ಕ್ಷಣವೇ ನೀರು ಹಾಕಲು ಶುರುಮಾಡಿ, 15 ನಿಮಿಷ ಬಿಡದೆ ತೊಳೆದು, ನೇರ ಆಸ್ಪತ್ರೆಗೆ. ಅದು ಕಣ್ಣನ್ನೇ ಕಳೆಯುತ್ತದೆ. ಹಾಗಾಗಿ ಒಂದು ಕೊಡ ಶುದ್ಧ ನೀರು ಕೈಗೆ ಸಿಗುವ ಹಾಗೆ ಇಟ್ಟುಕೊಂಡೇ ಡಬ್ಬಿ ಬಿಚ್ಚಿ.

ಬೆಳಿಗ್ಗೆಯೇ ಹಿಡಿಯಿರಿ. ಒಂದು ಸಲಕ್ಕೆ ಕಾಲು ಕಿಲೋ ಸಾಕು, ಅಗಲ ತಟ್ಟೆಯಲ್ಲಿ. ಆಳದ ಮಗ್ಗಿನಲ್ಲಿ ಕಲಸಿದರೆ ತನ್ನ ಕಾವಿಗೆ ತಾನೇ ಬೇಗ ಗಟ್ಟಿಯಾಗುತ್ತದೆ. ಹೊಗೆ ಬರತೊಡಗಿದರೆ ಹೊರಗೆ ಬಯಲಲ್ಲಿ ಇಡಿ. ಇಳಿಜಾರಿಗೆ ಮೊದಲು ಬರೀ ರೆಸಿನ್ ಬಳಿದು, ಅದರ ಮೇಲೆ ಮ್ಯಾಟ್ ಇಟ್ಟು, ರೋಲರಿನಿಂದ ನಡುವಿನಿಂದ ಅಂಚಿಗೆ ಗಾಳಿ ಹೊರಗೆ ತಳ್ಳಿ. ಮ್ಯಾಟ್ ಬಿಳಿಯಿಂದ ಪಾರದರ್ಶಕವಾದರೆ ರೆಸಿನ್ ಕುಡಿದಿದೆ. ಬಿಳಿ ಚುಕ್ಕೆ ಉಳಿದರೆ ಅಲ್ಲಿ ಗಾಳಿ. ಮ್ಯಾಟ್‌ನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಸಾಕು. ಒಂದು ಸಲಕ್ಕೆ ಎರಡು, ಹೆಚ್ಚೆಂದರೆ ಮೂರು ಪದರ.

ಮೇಲ್ಮೈ ಅಂಟಂಟಾಗಿ ಉಳಿದರೆ ಗಾಬರಿ ಬೇಡ. ಮೇಣ ಇಲ್ಲದ ಪಾಲಿಯೆಸ್ಟರ್ ಗಾಳಿ ತಾಗಿದ ಕಡೆ ಹಾಗೇ ಇರುತ್ತದೆ, ಮುಂದಿನ ಪದರಕ್ಕೆ ಅದು ಒಳ್ಳೆಯದೇ. ಕೊನೆಯ ಪದರಕ್ಕೆ ಮಾತ್ರ ಮೇಣ ಬೆರೆಸಿದ ರೆಸಿನ್ ಹಾಕಿ, ಗಟ್ಟಿಯಾದ ಮೇಲೆ ಆ ಮೇಣವನ್ನು ಒರೆಸಿ, ಉಜ್ಜಿ.

ದೋಣಿಯೊಳಗೆ ಕೂತು ಕೆಲಸ ಮಾಡುವಾಗ ನೆನಪಿರಲಿ: ಸ್ಟೈರೀನ್, ಅಸಿಟೋನ್ ಆವಿ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ತಲೆ ಸುತ್ತಿದರೆ ಎದ್ದು ಹೊರಗೆ ಬನ್ನಿ. ಬೀಡಿ, ಸಿಗರೇಟು ಹತ್ತಿರ ಸುಳಿಯಬಾರದು. ಹಾರ್ಡನರ್ ತಾಗಿದ ಬಟ್ಟೆಯನ್ನು ನೀರಿನ ಬಕೆಟ್‌ಗೆ ಹಾಕಿ, ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಹೊತ್ತಿಕೊಳ್ಳಬಹುದು.

## 7. ಪುಟ್ಟಿ

ಕಾರಿಗೆ ಹಚ್ಚುವ ಪುಟ್ಟಿ ನೀರು ಕುಡಿಯುತ್ತದೆ. ಅಂಚಿನ ಹತ್ತಿರ, ನೀರು ನಿಲ್ಲದ ಕಡೆ ತೆಳುವಾಗಿ ಪರವಾಗಿಲ್ಲ. ತಳಕ್ಕೆ ಎಪಾಕ್ಸಿ ಪುಟ್ಟಿಯೇ ಬೇಕು. ಎಪಾಕ್ಸಿ ಗಟ್ಟಿಯಾದ ಮೇಲೆ ಮೇಲೊಂದು ಜಿಡ್ಡಿನಂಥ ಪೊರೆ ಬರಬಹುದು. ಅದನ್ನು ನೀರು ಮತ್ತು ಸ್ಕ್ರಬ್ಬರಿನಿಂದ ತೊಳೆದು, ಒಣಗಿಸಿ, ಆಮೇಲೆ 120ರಲ್ಲಿ ಉಜ್ಜಿ. ಗೋಡೆಯನ್ನು ಕನ್ನಡಿ ಮಾಡಲು ಹೋಗಬೇಡಿ. ಒರಟು ಮ್ಯಾಟ್‌ನ ಮೇಲೆ ಇಡೀ ಪುಟ್ಟಿ ಬಳಿದರೆ ತೂಕ ಏರುತ್ತದೆ, ದೋಣಿ ಬಳುಕಿದಾಗ ಒಡೆಯುತ್ತದೆ.

## 8. ಪ್ರೈಮರ್

ಧೂಳನ್ನು ವ್ಯಾಕ್ಯೂಮ್ ಮಾಡಿ, ಥಿನ್ನರ್ ಬಟ್ಟೆಯಿಂದ ಒರೆಸಿ. ಎರಡು ಡಬ್ಬಿಯ (ಒಂದರಲ್ಲಿ ಪ್ರೈಮರ್, ಇನ್ನೊಂದರಲ್ಲಿ ಹಾರ್ಡನರ್ ಬರುವ) ಎಪಾಕ್ಸಿ ಪ್ರೈಮರ್, ಅಳತೆ ಮಾಡಿಯೇ ಕಲಸಿ. ಮೊದಲ ಕೋಟನ್ನು ಬ್ರಷ್‌ನಿಂದ ತೂತುಗಳೊಳಗೆ ತುಂಬುವಂತೆ ಉಜ್ಜಿ ಬಳಿಯಿರಿ, ಎರಡನೆಯದು ರೋಲರ್.

ಬೆಳಿಗ್ಗೆ ಬಿಸಿಲೇರುವಾಗ ಬಳಿದರೆ ತೂತುಗಳಲ್ಲಿನ ಗಾಳಿ ಕಾದು ಹಿಗ್ಗಿ, ಬಣ್ಣದಲ್ಲಿ ಗುಳ್ಳೆ ಎಬ್ಬಿಸುತ್ತದೆ. ಮಧ್ಯಾಹ್ನ ಮೂರರ ನಂತರ, ನೆರಳಿನಲ್ಲಿ, ಶಾಖ ಇಳಿಯುವಾಗ ಬಳಿಯಿರಿ. ಜನವರಿಯಲ್ಲಿ ಇಬ್ಬನಿ ಬೀಳುವ ಮೊದಲು ಮೇಲ್ಮೈ ಒಣಗಿರಬೇಕು, ಸಂಜೆವರೆಗೆ ಎಳೆಯಬೇಡಿ. ಎರಡು ಕೋಟಿನ ನಡುವೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಗಂಟೆ ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ಕನಿಷ್ಠವನ್ನು ಎಲ್ಲರೂ ಓದುತ್ತಾರೆ. ಗರಿಷ್ಠ ದಾಟಿದರೆ ಉಜ್ಜದೆ ಮುಂದಿನ ಕೋಟು ಹಿಡಿಯುವುದಿಲ್ಲ, ಇದನ್ನು ಓದುವವರು ಕಡಿಮೆ.

## 9. ಬಣ್ಣ

ನೀರು ನಿಲ್ಲುವ ತಳಕ್ಕೆ ಎಪಾಕ್ಸಿ ಬಣ್ಣ. ಬಿಸಿಲು ಬೀಳುವ ಪಕ್ಕದ ಗೋಡೆಗೆ ಎರಡು ಡಬ್ಬಿಯ ಪಿಯು (ಪಾಲಿಯುರೆಥೇನ್ ಬಣ್ಣ), ಯಾಕೆಂದರೆ ಎಪಾಕ್ಸಿ ಬಿಸಿಲಿಗೆ ಪುಡಿಪುಡಿಯಾಗುತ್ತದೆ. ಪಿಯುವನ್ನು ಸ್ಪ್ರೇ ಮಾಡಬೇಡಿ. ಅದರ ಹಾರ್ಡನರಿನ ಮಂಜು ಶ್ವಾಸಕೋಶಕ್ಕೆ ಅಪಾಯ, ಹೊರಗಿನಿಂದ ಗಾಳಿ ಕೊಡುವ ಮುಖವಾಡ ಇಲ್ಲದೆ ಅದು ಮಾಡುವ ಕೆಲಸವೇ ಅಲ್ಲ. ಬ್ರಷ್, ರೋಲರ್ ಸಾಕು. ಎರಡು ತೆಳು ಕೋಟು, ನಡುವೆ 220ರಲ್ಲಿ ಲಘುವಾಗಿ ಉಜ್ಜಿ.

ಅಚ್ಚ ಬಿಳಿ ಬೇಡ, ನೀರಿನ ಮೇಲೆ ಮಧ್ಯಾಹ್ನ ಕಣ್ಣು ಕುಕ್ಕುತ್ತದೆ. ಕಡು ಬಣ್ಣ ಕಾಲು ಸುಡುತ್ತದೆ. ತಿಳಿ ಬೂದು ಒಳ್ಳೆಯದು, ಅದರ ಮೇಲೆ ಬಿರುಕು, ಎಣ್ಣೆ ಸೋರಿಕೆ ಬೇಗ ಕಾಣುತ್ತವೆ. ಕಾಲಿಡುವ ಜಾಗದಲ್ಲಿ ಎರಡನೇ ಕೋಟು ಹಸಿ ಇರುವಾಗ ಜರಡಿ ಹಿಡಿದ ಒಣ ಮರಳು ಉದುರಿಸಿ, ಗಟ್ಟಿಯಾದ ಮೇಲೆ ಸಡಿಲ ಮರಳು ಗುಡಿಸಿ, ಇನ್ನೊಂದು ಕೋಟು ಕೊಡಿ. ಜಾರುವುದಿಲ್ಲ.

## 10. ಮತ್ತೆ ಜೋಡಿಸುವುದು

ಎಪಾಕ್ಸಿ, ಪಿಯು ಎರಡೂ ಪೂರ್ತಿ ಮಾಗಲು ಸಾಮಾನ್ಯವಾಗಿ ಒಂದು ವಾರ ಬೇಕು. ಅಲ್ಲಿಯವರೆಗೆ ಒಳಗೆ ನೀರು ನಿಲ್ಲಬಾರದು. ಹಳೆ ಸ್ಕ್ರೂ ತೂತುಗಳನ್ನು ಎಪಾಕ್ಸಿಯಿಂದ ತುಂಬಿ ಹೊಸದಾಗಿ ಕೊರೆಯಿರಿ, ಪ್ರತಿ ಸ್ಕ್ರೂಗೂ ಸೀಲೆಂಟ್ ಹಚ್ಚಿ. ಸ್ಟೇನ್‌ಲೆಸ್ ಸ್ಕ್ರೂ ಬಳಸಿ. ಫೋಮ್ ಪೆಟ್ಟಿಗೆಯಲ್ಲಿ ಕೊರೆದ ತೂತಿಗೆ ಬಿಚ್ಚಬಹುದಾದ ಪ್ಲಗ್ ಹಾಕಿದರೆ ಪ್ರತಿ ವರ್ಷ ತೆಗೆದು ನೋಡಬಹುದು.

## ಆಮೇಲೆ ತೊಂದರೆ ಕಂಡರೆ

ಬಳಿಯುವಾಗಲೇ ಬಣ್ಣ ಸಣ್ಣ ಸಣ್ಣ ವೃತ್ತಗಳಾಗಿ ಹಿಂದೆ ಸರಿದರೆ ಕೆಳಗೆ ಜಿಡ್ಡಿದೆ. ಮೇಲೆ ಮತ್ತೆ ಬಳಿದು ಮುಚ್ಚಬೇಡಿ, ಹಸಿ ಇರುವಾಗಲೇ ಒರೆಸಿ ತೆಗೆದು ಎರಡನೇ ಹಂತಕ್ಕೆ ಹೋಗಿ.

ಎರಡು ದಿನವಾದರೂ ಉಗುರು ಇಳಿಯುವಷ್ಟು ಮೆತ್ತಗಿದ್ದರೆ ಹಾರ್ಡನರ್ ಅಳತೆ ತಪ್ಪಿದೆ ಅಥವಾ ಸರಿಯಾಗಿ ಕಲಸಿಲ್ಲ. ಕಾದರೆ ಸರಿಹೋಗುವುದಿಲ್ಲ, ಕೆರೆದು ತೆಗೆಯಬೇಕು. ಬಣ್ಣ ಮಂಕಾಗಿ ಬೆಳ್ಳಗಾದರೆ ಹಸಿ ಇರುವಾಗ ಇಬ್ಬನಿ ಬಿದ್ದಿದೆ. ಗಟ್ಟಿಯಾದ ಮೇಲೆ ಉಜ್ಜಿ ಒಂದು ಕೋಟು ಕೊಟ್ಟರೆ ಸಾಕು.

ಕೆಲವು ವಾರದ ನಂತರ ತಳದಲ್ಲಿ ಮಾತ್ರ ಗುಳ್ಳೆ ಎದ್ದರೆ ಆ ಜಾಗದಲ್ಲಿ ನೀರು ಉಳಿದಿತ್ತು. ಇಡೀ ದೋಣಿ ಕೆರೆಯುವ ಅಗತ್ಯ ಇಲ್ಲ. ಗುಳ್ಳೆಗಿಂತ ಒಂದು ಗೇಣು ಹೊರಗಿನವರೆಗೆ ಬಣ್ಣ ತೆಗೆದು, ನಾಣ್ಯದಿಂದ ತಟ್ಟಿ, ಪ್ಲಾಸ್ಟಿಕ್ ಹಾಳೆ ಅಂಟಿಸಿ, ಅದು ಒಣಗಿದೆ ಅಂತ ತೋರಿಸುವವರೆಗೆ ಅಷ್ಟು ಜಾಗವನ್ನು ತೆರೆದಿಡಿ.